ಇನ್ಸುಲಿನ್ ಆಕಾರ ಕೆಡದಂತೆ: ಮೆಡಿಕಲ್ ಶಾಪ್‌ನಿಂದ ಚರ್ಮದ ಕೆಳಗಿನವರೆಗೆ

ಶುಗರ್ ಏರಿದರೆ ನಮ್ಮ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಊಟ. "ನಿನ್ನೆ ಎರಡು ಹೋಳಿಗೆ ತಿಂದಿರಿ, ಅದಕ್ಕೇ" ಅಂತ ಶುರುವಾಗುತ್ತದೆ. ಆಮೇಲೆ ಡೋಸ್ ಸಾಲುತ್ತಿಲ್ಲ ಅನ್ನುವ ಮಾತು ಬರುತ್ತದೆ. ಇನ್ಸುಲಿನ್ ಬಾಟಲಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುವವರು ಕಡಿಮೆ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪ್ರೋಟೀನ್ ಔಷಧಿಗಳ ಫಾರ್ಮುಲೇಶನ್ ಕೆಲಸ ಮಾಡುತ್ತೇನೆ. ಪ್ರೋಟೀನನ್ನು ಎಂಥ ನೀರಲ್ಲಿ, ಯಾವ ಉಪ್ಪಿನ ಜೊತೆ, ಎಂಥ ಬಾಟಲಿಯಲ್ಲಿ ಇಟ್ಟರೆ ಅದು ಫ್ಯಾಕ್ಟರಿಯಿಂದ ರೋಗಿಯ ಮೈ ಸೇರುವವರೆಗೂ ಕೆಡದೆ ಇರುತ್ತದೆ ಅಂತ ಹುಡುಕುವುದೇ ಈ ಕೆಲಸ. ರಾಯಚೂರಿನಲ್ಲಿರುವ ನಮ್ಮ ಅತ್ತೆ ದಿನಕ್ಕೆ ಎರಡು ಸಲ ಇನ್ಸುಲಿನ್ ತಗೊಳ್ಳುತ್ತಾರೆ. ಅವರಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸುಮ್ನೆ "ಹೀಗೆ ಮಾಡಿ, ಹಾಗೆ ಮಾಡಬೇಡಿ" ಅಂದರೆ ಅತ್ತೆ ಒಪ್ಪುವವರಲ್ಲ, "ಯಾಕೆ?" ಅಂತ ಕೇಳುತ್ತಾರೆ. ಹಾಗಾಗಿ ಕಾರಣವನ್ನೂ ಜೊತೆಗೇ ಹೇಳುತ್ತೇನೆ. ಡೋಸ್ ಎಷ್ಟು ಅನ್ನುವುದು ಮಾತ್ರ ನಿಮ್ಮ ಡಾಕ್ಟರ್ ಹೇಳಬೇಕಾದ ವಿಷಯ.

ಬಾಟಲಿಯಲ್ಲಿ ಇರುವುದೇನು

ಪ್ಯಾರಸಿಟಮಾಲ್ ಚಿಕ್ಕ ಅಣು. ಬ್ಯಾಗಲ್ಲಿ ಕುಲುಕಿದರೂ, ಒಂದು ದಿನ ಸೆಕೆಯಲ್ಲಿ ಇದ್ದರೂ ಅದಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ. ಇನ್ಸುಲಿನ್ ಹಾಗಲ್ಲ, ಅದು ಪ್ರೋಟೀನ್. 51 ಅಮೈನೋ ಆಮ್ಲಗಳು ಎರಡು ಸರಗಳಲ್ಲಿ ಪೋಣಿಸಿಕೊಂಡಿರುತ್ತವೆ. ಒಂದರಲ್ಲಿ 21, ಇನ್ನೊಂದರಲ್ಲಿ 30. ಈ ಎರಡು ಸರಗಳು ಗಂಧಕದ ಕೊಂಡಿಗಳಿಂದ ಸೇರಿ, ಒಂದು ಗೊತ್ತಾದ ರೀತಿಯಲ್ಲಿ ಮಡಚಿಕೊಂಡಿರುತ್ತವೆ. ಆ ಮಡಿಕೆ ಇದ್ದರೆ ಮಾತ್ರ ಅದು ಔಷಧಿ. ಮಡಿಕೆ ಬಿಚ್ಚಿ ಅಣುಗಳು ಒಂದಕ್ಕೊಂದು ಅಂಟಿಕೊಂಡರೆ, ಬಾಟಲಿಯಲ್ಲಿ ಪ್ರೋಟೀನ್ ಅಷ್ಟೇ ಇದ್ದರೂ ಅದು ಕೆಲಸ ಮಾಡುವುದಿಲ್ಲ. ಬೆಂದ ಮೊಟ್ಟೆಯ ಬಿಳಿಭಾಗ ತಣ್ಣಗಾದ ಮೇಲೆ ಮತ್ತೆ ನೀರಾಗುವುದಿಲ್ಲ ಅಲ್ವಾ, ಇದೂ ಹಾಗೇ.

ಇನ್ಸುಲಿನ್ ಎಷ್ಟು ಕಡಿಮೆ ಇರುತ್ತದೆ ಅಂತಲೂ ಗೊತ್ತಿರಲಿ. 1 ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಯಲ್ಲಿ, ಆ 1 ಎಂ.ಎಲ್.ನಲ್ಲಿ ಇನ್ಸುಲಿನ್ ಸುಮಾರು 1.4 ಮಿಲಿಗ್ರಾಂ ಮಾತ್ರ. ಉಳಿದಿದ್ದೆಲ್ಲ ನೀರು, ಮತ್ತು ಈ ಪ್ರೋಟೀನನ್ನು ಕಾಯುವ ಪದಾರ್ಥಗಳು. ಇಷ್ಟು ಕಡಿಮೆ ಇರುವುದರಿಂದ ಅದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದೂ ದೊಡ್ಡ ನಷ್ಟವೇ. ಆಸ್ಪತ್ರೆಯಲ್ಲಿ ಇನ್ಸುಲಿನ್ ಡ್ರಿಪ್ ಹಾಕುವ ಮೊದಲು ನರ್ಸ್ ಸ್ವಲ್ಪ ದ್ರವವನ್ನು ಟ್ಯೂಬಿನಲ್ಲಿ ಹರಿಸಿ ಚೆಲ್ಲುವುದನ್ನು ನೋಡಿರಬಹುದು. ಟ್ಯೂಬಿನ ಗೋಡೆ ಹೀರಿಕೊಳ್ಳಬೇಕಾದಷ್ಟು ಮೊದಲೇ ಹೀರಿಕೊಳ್ಳಲಿ ಅಂತ ಹಾಗೆ ಮಾಡುತ್ತಾರೆ.

ಬಾಟಲಿಗೆ ಒಂದು ಥರ ಫಿನಾಯಿಲ್ ವಾಸನೆ ಇರುತ್ತದೆ. ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಅದು ಮೆಟಾ-ಕ್ರೆಸಾಲ್, ಫಿನಾಲ್‌ಗಳ ವಾಸನೆ. ಒಂದೇ ಬಾಟಲಿಗೆ ದಿನಾ ಸೂಜಿ ಚುಚ್ಚುತ್ತೇವೆ, ಒಳಗೆ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಹಾಕಿರುತ್ತಾರೆ. ಜೊತೆಗೆ ಸತುವೂ ಇರುತ್ತದೆ. ಸತು ಇದ್ದರೆ ಆರು ಇನ್ಸುಲಿನ್ ಅಣುಗಳು ಒಂದು ಗುಂಪಾಗಿ ಕೂರುತ್ತವೆ, ಗುಂಪಿನಲ್ಲಿದ್ದಾಗ ಬೇಗ ಕೆಡುವುದಿಲ್ಲ. ಆದರೆ ರಕ್ತಕ್ಕೆ ಸೇರಬೇಕಾದರೆ ಗುಂಪು ಒಡೆಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ರೆಗ್ಯುಲರ್ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಹಾಕಿಕೊಳ್ಳಿ ಅನ್ನುವುದು ಇದಕ್ಕೇ. 1996ರಲ್ಲಿ ಬಂದ ಲಿಸ್‌ಪ್ರೋ ಅನ್ನುವ ಇನ್ಸುಲಿನ್‌ನಲ್ಲಿ ಎರಡು ಅಮೈನೋ ಆಮ್ಲಗಳ ಜಾಗ ಅದಲು ಬದಲು ಮಾಡಿದ್ದಾರೆ. ಗುಂಪು ಬೇಗ ಒಡೆಯುತ್ತದೆ, ಹಾಗಾಗಿ ಅದನ್ನು ತಟ್ಟೆ ಮುಂದೆ ಕೂತಾಗ ಹಾಕಿಕೊಂಡರೂ ನಡೆಯುತ್ತದೆ. ನಿಮ್ಮದು ಯಾವುದು ಅಂತ ತಿಳಿದುಕೊಂಡಿರಿ.

ತರುವಾಗ

ಫ್ರಿಜ್ ಇರುವ, ಕರೆಂಟ್ ಹೋದರೆ ಬ್ಯಾಕಪ್ ಇರುವ ಅಂಗಡಿಯಿಂದಲೇ ತಗೊಳ್ಳಿ. ಕೌಂಟರ್ ಮೇಲೆ ಇಟ್ಟಿದ್ದ ಬಾಟಲಿ ಕೊಟ್ಟರೆ ಬೇಡ ಅನ್ನಿ, ಸಂಕೋಚ ಬೇಡ. ಬಾಟಲಿ ಜೊತೆ ಐಸ್ ತುಂಡನ್ನು ಅದೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಡುವ ಅಂಗಡಿಗಳಿವೆ. ಅತ್ತೆಗೂ ಒಮ್ಮೆ ಹಾಗೆ ಕೊಟ್ಟಿದ್ದರು. ಕಾಳಜಿಯಿಂದ ಮಾಡುವುದೇ, ಆದರೆ ಐಸ್ ನೇರವಾಗಿ ತಾಗಿದ ಕಡೆ ಇನ್ಸುಲಿನ್ ಹೆಪ್ಪುಗಟ್ಟಬಹುದು. ಸೆಕೆಗಿಂತ ಇದು ಕೆಟ್ಟದ್ದು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ಪ್ಯಾಕಿಗೆ ತಾಗದಂತೆ ಇಟ್ಟು ತನ್ನಿ. ಅಂಗಡಿ ಹತ್ತು ನಿಮಿಷದ ದಾರಿಯಾದರೆ ಐಸೇ ಬೇಡ, ನೆರಳಲ್ಲಿ ತಂದರೆ ಸಾಕು. ಸ್ಕೂಟರ್ ಡಿಕ್ಕಿಯಲ್ಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲೇ ಇರಲಿ. ಲಗೇಜ್ ಇಡುವ ಕಡೆ ಚಳಿ ಎಷ್ಟಿರುತ್ತದೋ ಹೇಳಲಾಗದು.

ಮನೆಯಲ್ಲಿ ಇಡುವುದು

ತೆರೆಯದ ಬಾಟಲಿ, ಇನ್ಸುಲಿನ್ ಪೆನ್ನು ಎಲ್ಲವೂ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್‌ನಲ್ಲಿ ಇಟ್ಟರಾಯಿತು ಅನ್ನುವ ಹಾಗಿಲ್ಲ, ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗೇ ಒಂದು ಟ್ರೇ ಇರುತ್ತದೆ. ಅಲ್ಲಿಟ್ಟ ಕೊತ್ತಂಬರಿ ಸೊಪ್ಪು ಗಾಜಿನಂತೆ ಗಟ್ಟಿಯಾಗಿದ್ದನ್ನು ನೀವೂ ನೋಡಿರುತ್ತೀರಿ. ಆ ಟ್ರೇ ಬೇಡ, ಹಿಂದಿನ ಗೋಡೆಗೆ ತಾಗಿಸಿಯೂ ಬೇಡ. ನಡುವಿನ ಶೆಲ್ಫ್‌ನಲ್ಲಿ, ಮುಚ್ಚಳದ ಒಂದು ಸ್ಟೀಲ್ ಡಬ್ಬಿಯೊಳಗೆ ಇಡಿ. ನೂರಿನ್ನೂರು ರೂಪಾಯಿಗೆ ಫ್ರಿಜ್ ಥರ್ಮಾಮೀಟರ್ ಸಿಗುತ್ತದೆ, ಅದನ್ನು ಡಬ್ಬಿ ಪಕ್ಕ ಇಡಿ. ಅತ್ತೆ ಈಗ ಹಾಲು ತೆಗೆಯುವಾಗೆಲ್ಲ ಅದರ ಕಡೆ ಕಣ್ಣು ಹಾಯಿಸುತ್ತಾರೆ.

ಹೆಪ್ಪುಗಟ್ಟಿದರೆ ಏನಾಗುತ್ತದೆ? ನೀರು ತಾನೊಂದೇ ಐಸ್ ಆಗುತ್ತಾ ಹೋಗುತ್ತದೆ. ಉಪ್ಪು, ಪ್ರೋಟೀನ್ ಎಲ್ಲ ಉಳಿದ ಚೂರು ದ್ರವದಲ್ಲಿ ಒತ್ತೊತ್ತಾಗಿ ಸೇರುತ್ತವೆ, ಅಂಟಿಕೊಳ್ಳುತ್ತವೆ. ಹಾಲಿನಂತೆ ಕಾಣುವ ಬಿಳಿ ಇನ್ಸುಲಿನ್ (ಎನ್‌ಪಿಎಚ್, 30/70 ಮಿಕ್ಸ್) ಆದರೆ ಅದರಲ್ಲಿರುವ ಸಣ್ಣ ಹರಳುಗಳು ಮುದ್ದೆಯಾಗುತ್ತವೆ. ಕರಗಿದ ಮೇಲೆ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು, ಆದರೂ ಒಮ್ಮೆ ಹೆಪ್ಪುಗಟ್ಟಿದ್ದನ್ನು ಬಳಸಬೇಡಿ. ದುಡ್ಡು ಕೊಟ್ಟು ತಂದಿದ್ದು, ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಅದರಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ಮನೆಯಲ್ಲಿ ತಿಳಿಯುವ ದಾರಿಯೇ ಇಲ್ಲ.

ಬಳಸಲು ಶುರು ಮಾಡಿದ ಬಾಟಲಿ ಹೊರಗಿದ್ದರೂ ಪರವಾಗಿಲ್ಲ, ಆದರೆ ಬಗೆ ನೋಡಿಕೊಂಡು 25 ಅಥವಾ 30 ಡಿಗ್ರಿ ದಾಟಬಾರದು. ಹೆಚ್ಚಿನವು ತೆರೆದ ಮೇಲೆ 28 ದಿನ ಬಾಳುತ್ತವೆ. ಕೆಲವು ಜಾಸ್ತಿ ದಿನ ಬರುತ್ತವೆ, ಡಬ್ಬದ ಒಳಗಿನ ಚೀಟಿ ಓದಿ. ತೆರೆದ ದಿನವೇ ತಾರೀಖನ್ನು ಮಾರ್ಕರ್ ಪೆನ್ನಿನಿಂದ ಲೇಬಲ್ ಮೇಲೆ ಬರೆಯಿರಿ. ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳುವವರಿಗೆ 10 ಎಂ.ಎಲ್. ಬಾಟಲಿ 28 ದಿನಕ್ಕೆ ಖಾಲಿಯಾಗುವುದಿಲ್ಲ. ಉಳಿದದ್ದನ್ನು ಮುಂದಿನ ತಿಂಗಳಿಗೂ ಎಳೆಯುವ ಆಸೆ ಬೇಡ.

ರಾಯಚೂರಿನ ಬೇಸಿಗೆಯಲ್ಲಿ ಮನೆ ಒಳಗೇ 30 ಡಿಗ್ರಿ ದಾಟಿರುತ್ತದೆ, ಹೊರಗೆ 40ರ ಮೇಲೆ. ಫ್ರಿಜ್ ಇಲ್ಲದವರು, ಕರೆಂಟ್ ನಂಬಲಾಗದವರು ಮಣ್ಣಿನ ಮಡಕೆ ಬಳಸಬಹುದು. ದೊಡ್ಡ ಮಡಕೆಯೊಳಗೆ ಚಿಕ್ಕದನ್ನು ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆ ಎರಡು ಸಲ ನೆನೆಸಿ. ಇನ್ಸುಲಿನ್ ಒಳಗಿನ ಮಡಕೆಯಲ್ಲಿ, ನೀರು ತಾಗದಂತೆ ಒಣ ಡಬ್ಬಿಯಲ್ಲಿರಲಿ. ಗಾಳಿ ಆಡುವ ನೆರಳಿನ ಜಾಗ ಬೇಕು. ಒಣ ಹವೆಯ ರಾಯಚೂರು, ಕಲಬುರಗಿ ಕಡೆ ಇದು ಚೆನ್ನಾಗಿ ತಂಪಾಗುತ್ತದೆ. ಮಂಗಳೂರಿನಂಥ ಕಡೆ ಗಾಳಿಯಲ್ಲೇ ತೇವ ಇರುವುದರಿಂದ ನೀರು ಆವಿಯಾಗುವುದು ನಿಧಾನ, ಅಷ್ಟು ತಂಪಾಗುವುದಿಲ್ಲ.

ಇದಕ್ಕೆ ಧೈರ್ಯ ಕೊಡುವ ಅಧ್ಯಯನವೂ ಇದೆ. ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿ ದಿನವಿಡೀ 25ರಿಂದ 37 ಡಿಗ್ರಿವರೆಗೆ ಏರಿಳಿಯುವ ಸೆಕೆಯನ್ನು ಅಳೆದು, ಅದನ್ನೇ ಲ್ಯಾಬ್‌ನಲ್ಲಿ ಮಾಡಿ ನೋಡಿದರು. ವೈದ್ಯರ ಸಂಸ್ಥೆ ಎಂಎಸ್‌ಎಫ್ ಮತ್ತು ಜಿನೀವಾ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ ಅದು, 2021ರಲ್ಲಿ ಪ್ರಕಟವಾಯಿತು. ನಾಲ್ಕು ವಾರ ಆದರೂ ಇನ್ಸುಲಿನ್ ಶಕ್ತಿ ಫ್ರಿಜ್‌ನಲ್ಲಿಟ್ಟದ್ದಕ್ಕೆ ಸಮನಾಗಿಯೇ ಇತ್ತು. ಆದ್ದರಿಂದ ಒಂದು ಮಧ್ಯಾಹ್ನ ಕರೆಂಟ್ ಹೋದರೆ ಹೆದರಬೇಡಿ, ಫ್ರಿಜ್ ಬಾಗಿಲು ತೆರೆಯದೆ ಬಿಟ್ಟರೆ ಸಾಕು. ಹಾಗಂತ ಒಲೆ ಪಕ್ಕದ ಗೂಡು, ಟಿವಿ ಮೇಲೆ, ತಗಡಿನ ಮಾಡಿನ ಕೋಣೆ, ಇವಕ್ಕೆಲ್ಲ ಈ ಮಾತು ಅನ್ವಯಿಸುವುದಿಲ್ಲ.

ಕುಲುಕಬೇಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು, ಜನ ಕಡೆಗಣಿಸುವುದೂ ಇದನ್ನೇ.

ನಮ್ಮ ಲ್ಯಾಬ್‌ನಲ್ಲಿ ಶೇಕರ್ ಪರೀಕ್ಷೆ ಅಂತ ಮಾಡುತ್ತೇವೆ. ಒಂದೇ ಪ್ರೋಟೀನ್ ದ್ರಾವಣವನ್ನು ಎರಡು ಪುಟ್ಟ ಗಾಜಿನ ಬಾಟಲಿಗೆ ಹಾಕುತ್ತೇವೆ. ಒಂದನ್ನು ಬಾಯಿವರೆಗೆ ತುಂಬಿ, ಗುಳ್ಳೆ ಇಲ್ಲದಂತೆ ಮುಚ್ಚುತ್ತೇವೆ. ಇನ್ನೊಂದು ಅರ್ಧ ಮಾತ್ರ. ಎರಡನ್ನೂ ಅಡ್ಡ ಮಲಗಿಸಿ 37 ಡಿಗ್ರಿಯಲ್ಲಿ ಅಲ್ಲಾಡಿಸುತ್ತೇವೆ. ಆಮೇಲೆ ಕಪ್ಪು ಹಲಗೆ ಮುಂದೆ, ಬಿಳಿ ದೀಪದ ಕೆಳಗೆ ಹಿಡಿದು ನೋಡಿದರೆ, ಅರ್ಧ ತುಂಬಿದ ಬಾಟಲಿಯಲ್ಲಿ ಮೊದಲು ತೆಳ್ಳನೆ ಮಬ್ಬು ಕಾಣುತ್ತದೆ. ಬಾಟಲಿ ತಿರುಗಿಸಿದರೆ ಆ ಮಬ್ಬಿನಲ್ಲಿ ಸಣ್ಣ ಎಳೆಗಳು ಸುಳಿಯುತ್ತವೆ. ಪೂರ್ತಿ ತುಂಬಿದ್ದು ತುಂಬಾ ಹೊತ್ತು ತಿಳಿಯಾಗಿಯೇ ಇರುತ್ತದೆ. ಅದೇ ಪ್ರೋಟೀನ್, ಅದೇ ಬಿಸಿ, ಅಷ್ಟೇ ಅಲ್ಲಾಟ. ವ್ಯತ್ಯಾಸ ಗಾಳಿಯದ್ದು. ಗಾಳಿಯೂ ನೀರೂ ಸೇರುವ ಮೇಲ್ಮೈಗೆ ಬಂದ ಅಣು ತನ್ನ ಒಳಭಾಗವನ್ನು ಗಾಳಿ ಕಡೆ ತೆರೆದುಕೊಳ್ಳುತ್ತದೆ. ಹಾಗೆ ಬಿಚ್ಚಿಕೊಂಡ ಅಣುಗಳು ಒಂದಕ್ಕೊಂದು ಹತ್ತಿ ಎಳೆಯಾಗುತ್ತವೆ. ಕುಲುಕಿದಾಗೆಲ್ಲ ಹೊಸ ಮೇಲ್ಮೈ ಹುಟ್ಟುತ್ತದೆ, ನೊರೆ ಅಂದರೆ ಬರೀ ಮೇಲ್ಮೈಯೇ.

ನಿಮ್ಮ ಮನೆಯ ಬಾಟಲಿ ಖಾಲಿಯಾಗುತ್ತಾ ಬಂದಂತೆ ಅದರಲ್ಲಿ ಗಾಳಿ ಜಾಸ್ತಿ. ದಿನಾ ಬ್ಯಾಗಲ್ಲಿ ಹೊತ್ತು ಬಸ್ಸಿನಲ್ಲಿ ಓಡಾಡುವ ಅರ್ಧ ಖಾಲಿ ಬಾಟಲಿ, ಅದೂ ಬಿಸಿಲಲ್ಲಿ, ನಮ್ಮ ಶೇಕರ್ ಪರೀಕ್ಷೆಯಲ್ಲೇ ಇದೆ ಅನ್ನಿ. ಕೆಲಸಕ್ಕೆ ಹೊತ್ತೊಯ್ಯಬೇಕಾದವರಿಗೆ ಪೆನ್ನು ಒಳ್ಳೆಯದು. ಅದರೊಳಗಿನ ಕಾರ್ಟ್ರಿಜ್‌ನಲ್ಲಿ, ಅಂದರೆ ಔಷಧಿ ತುಂಬಿದ ಕೊಳವೆಯಲ್ಲಿ, ಗಾಳಿಗೆ ಜಾಗ ಕಡಿಮೆ, ಪಿಸ್ಟನ್ ದ್ರವದ ಹಿಂದೆಯೇ ಸರಿಯುತ್ತಾ ಬರುತ್ತದೆ. ಆದರೆ ಚುಚ್ಚಿಕೊಂಡ ಮೇಲೆ ಸೂಜಿಯನ್ನು ಪೆನ್ನಿನಲ್ಲೇ ಬಿಡಬೇಡಿ. ಸೂಜಿಯ ದಾರಿಯಲ್ಲಿ ಗಾಳಿ ಒಳಗೆ ಹೋಗುತ್ತದೆ, ಔಷಧಿ ಸೋರುತ್ತದೆ.

ಬಿಳಿ ಇನ್ಸುಲಿನ್, ಅಂದರೆ ಎನ್‌ಪಿಎಚ್ ಮತ್ತು 30/70 ಮಿಕ್ಸ್, ಇವನ್ನು ಮಾತ್ರ ಕಲಸಲೇಬೇಕು. 1930ರ ದಶಕದಲ್ಲಿ ಡೆನ್ಮಾರ್ಕಿನ ಹಾಗೆಡೋರ್ನ್ ಎಂಬ ವೈದ್ಯರು ಇನ್ಸುಲಿನ್ ನಿಧಾನವಾಗಿ ಕರಗಲಿ ಅಂತ ಅದಕ್ಕೆ ಮೀನಿನಿಂದ ತೆಗೆದ ಪ್ರೋಟಮೀನ್ ಅನ್ನುವ ಪ್ರೋಟೀನ್ ಸೇರಿಸಿದರು. ಆ ದಾರಿಯಲ್ಲೇ ಮುಂದೆ ಬಂದದ್ದು ಇಂದಿನ ಬಿಳಿ ಇನ್ಸುಲಿನ್. ಅದರ ಹರಳುಗಳು ತಳಕ್ಕೆ ಕೂರುತ್ತವೆ. ಕಲಸದೆ ಎಳೆದರೆ ಒಂದು ದಿನ ಬರೀ ನೀರು, ಇನ್ನೊಂದು ದಿನ ಡಬಲ್ ಡೋಸ್. ಕುಲುಕದೆ ಕಲಸುವುದು ಹೀಗೆ: ಎರಡು ಅಂಗೈ ನಡುವೆ ಅಡ್ಡ ಹಿಡಿದು 10 ಸಲ ಉರುಳಿಸಿ, ಆಮೇಲೆ 10 ಸಲ ಮೆಲ್ಲಗೆ ತಲೆಕೆಳಗೆ ಮಾಡಿ. ಹಾಲಿನಂತೆ ಒಂದೇ ಸಮ ಬಿಳಿಯಾಗಬೇಕು.

ಸಿರಿಂಜ್‌ಗೆ ಎಳೆಯುವ ಮೊದಲು

ಬೆಳಕಿಗೆ ಹಿಡಿದು ನೋಡಿ. ರೆಗ್ಯುಲರ್, ಲಿಸ್‌ಪ್ರೋ, ಗ್ಲಾರ್ಜಿನ್ ಇವೆಲ್ಲ ನೀರಿನಂತೆ ತಿಳಿಯಾಗಿರಬೇಕು. ಮಬ್ಬು, ಎಳೆ, ಬಣ್ಣ ಏನೇ ಕಂಡರೂ ಬೇಡ. ಬಿಳಿ ಇನ್ಸುಲಿನ್ ಕಲಸಿದ ಮೇಲೂ ಮುದ್ದೆ ಉಳಿದರೆ, ಬಾಟಲಿಯ ಒಳಗೋಡೆಗೆ ಮಂಜು ಹಿಡಿದಂತೆ ಬಿಳಿ ಪದರ ಅಂಟಿದ್ದರೆ, ಅದೂ ಬೇಡ.

ಆಮೇಲೆ ಸಿರಿಂಜ್ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಾಟಲಿಯಲ್ಲಿ ಬರುವುದು 1 ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಯು-40 ಸಿರಿಂಜ್. ಪೆನ್ನು, ಕಾರ್ಟ್ರಿಜ್ ಮತ್ತು ಕೆಲವು ಬಾಟಲಿಗಳಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಯೂನಿಟ್ ಇರುತ್ತದೆ. ಅಂಥ ಬಾಟಲಿಗೆ ಕಿತ್ತಳೆ ಮುಚ್ಚಳದ ಯು-100 ಸಿರಿಂಜ್. ಅದಲು ಬದಲಾದರೆ ಏನಾಗುತ್ತದೆ ಲೆಕ್ಕ ಹಾಕಿ: ಕೆಂಪು ಸಿರಿಂಜ್‌ನಲ್ಲಿ 20ರ ಗೆರೆ ಅಂದರೆ ಅರ್ಧ ಎಂ.ಎಲ್. ಅಷ್ಟನ್ನು 100ರ ಬಾಟಲಿಯಿಂದ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಶುಗರ್ ಕುಸಿದು ಪ್ರಾಣಕ್ಕೇ ಕುತ್ತು. ಉಲ್ಟಾ ಆದರೆ 20ರ ಬದಲು 8 ಯೂನಿಟ್. ಪೆನ್ನಿನ ಕಾರ್ಟ್ರಿಜ್‌ಗೆ ಸಿರಿಂಜ್ ಚುಚ್ಚಿ ಎಳೆಯುವುದಂತೂ ಬೇಡವೇ ಬೇಡ. ಬೇರೆ ಊರಿಗೆ ಹೋದಾಗ ಅವಸರದಲ್ಲಿ ಸಿರಿಂಜ್ ಕೊಳ್ಳುವವರು, ಅಮೆರಿಕದಿಂದ ಬಂದ ಮಕ್ಕಳು ತಂದ ಸಿರಿಂಜ್ ಬಳಸುವವರು ದಯವಿಟ್ಟು ಮುಚ್ಚಳದ ಬಣ್ಣವನ್ನೂ ಬಾಟಲಿ ಮೇಲಿನ ಅಂಕಿಯನ್ನೂ ಹೊಂದಿಸಿ ನೋಡಿ.

ಎರಡು ಥರ ಇನ್ಸುಲಿನ್ ಒಂದೇ ಸಿರಿಂಜ್‌ನಲ್ಲಿ ಎಳೆಯಲು ಡಾಕ್ಟರ್ ಹೇಳಿದ್ದರೆ, ಮೊದಲು ತಿಳಿ, ಆಮೇಲೆ ಬಿಳಿ. ತಿಳಿ ಬಾಟಲಿಗೆ ಪ್ರೋಟಮೀನ್ ಸೇರಬಾರದು. ಗ್ಲಾರ್ಜಿನ್ ಮಾತ್ರ ಯಾವುದರ ಜೊತೆಗೂ ಬೆರೆಸಬಾರದು. ಅದನ್ನು ಪಿಎಚ್ 4ರ ಹುಳಿ ದ್ರಾವಣದಲ್ಲಿ ಕರಗಿಸಿಟ್ಟಿರುತ್ತಾರೆ. ಚರ್ಮದ ಕೆಳಗೆ ಹೋಗಿ ಹುಳಿ ಕಡಿಮೆಯಾದ ಕೂಡಲೇ ಸಣ್ಣ ಕಣಗಳಾಗಿ ಕೂತು, ದಿನಪೂರ್ತಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಬೇರೆ ಇನ್ಸುಲಿನ್ ಬೆರೆಸಿದರೆ ಆ ಏರ್ಪಾಟು ಸಿರಿಂಜ್‌ನಲ್ಲೇ ಕೆಡುತ್ತದೆ.

ಚುಚ್ಚುವುದು

ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಿದರೆ ಉರಿಯುತ್ತದೆ, ಸ್ವಲ್ಪ ಹೊತ್ತು ಹೊರಗಿಡಿ. ಬಿಸಿ ನೀರಲ್ಲಿ ಅದ್ದಬೇಡಿ. ಸ್ಪಿರಿಟ್ ಒರೆಸಿದ್ದರೆ ಒಣಗಲು ಬಿಡಿ. 4 ಮಿಲಿಮೀಟರ್ ಪೆನ್ ಸೂಜಿಯನ್ನು ನೆಟ್ಟಗೆ ಚುಚ್ಚಬಹುದು. ಸಿರಿಂಜ್ ಸೂಜಿ ಅದಕ್ಕಿಂತ ಉದ್ದ, ಎರಡು ಬೆರಳಲ್ಲಿ ಚರ್ಮ ಎತ್ತಿ ಹಿಡಿದು ಚುಚ್ಚಿ. ಸ್ನಾಯುವಿಗೆ ಹೋದರೆ ಬೇಗ ರಕ್ತಕ್ಕೆ ಸೇರಿ ಶುಗರ್ ಇಳಿದುಬಿಡುತ್ತದೆ. ಪೆನ್ನಾದರೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ. ಚುಚ್ಚಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ತೆಗೆಯಿರಿ.

ಅತ್ತೆಗೆ ಹೊಟ್ಟೆಯ ಎಡಭಾಗವೇ ಸಲೀಸು. ಬಲಗೈಗೆ ಸಿಗುವ ಜಾಗ, ನೋವೂ ಇರಲಿಲ್ಲ. ಬೆರಳಿಟ್ಟು ನೋಡಿದರೆ ಅಲ್ಲಿ ರಬ್ಬರಿನಂಥ ಮೆತ್ತನೆ ಗಂಟು. ಒಂದೇ ಕಡೆ ಚುಚ್ಚಿದರೆ ಕೊಬ್ಬು ಹೀಗೆ ದಪ್ಪಗಾಗುತ್ತದೆ. ನೋವು ಇಲ್ಲದ್ದೇ ಅದರ ಮೋಸ. ಗಂಟಿನಿಂದ ಇನ್ಸುಲಿನ್ ಒಂದು ದಿನ ರಕ್ತಕ್ಕೆ ಸರಿಯಾಗಿ ಸೇರುತ್ತದೆ, ಒಂದು ದಿನ ಇಲ್ಲ. ವಾರಕ್ಕೊಮ್ಮೆ ಸ್ನಾನದಲ್ಲಿ ಸೋಪಿನ ಕೈಯಿಂದ ಸವರಿ ನೋಡಿ. ಹೊಟ್ಟೆಯ ನಾಲ್ಕು ಭಾಗ, ತೊಡೆ ಹೀಗೆ ಜಾಗ ಬದಲಿಸುತ್ತಿರಿ. ಹಿಂದಿನ ಚುಚ್ಚಿನಿಂದ ಒಂದು ಬೆರಳ ಅಗಲ ದೂರ ಇರಲಿ, ಹೊಕ್ಕುಳ ಹತ್ತಿರ ಬೇಡ. ಗಂಟಿನ ಜಾಗ ಬಿಟ್ಟು ಹೊಸ ಜಾಗಕ್ಕೆ ಹೋಗುವ ಮೊದಲು ಡಾಕ್ಟರಿಗೆ ಹೇಳಿ. ಅದೇ ಡೋಸ್ ಈಗ ಪೂರ್ತಿ ಕೆಲಸ ಮಾಡಿ ಶುಗರ್ ಕುಸಿಯಬಹುದು. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ, ಕಾಯಬೇಡಿ.

ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಕಸದವರಿಗೆ ಬೇರೆಯಾಗಿ ಹೇಳಿ ಕೊಡಿ. ಅವರ ಕೈಗೆ ಚುಚ್ಚಬಾರದು.

ಮಾತ್ರೆ ಯಾಕಿಲ್ಲ

ಅತ್ತೆ ಪ್ರತಿ ಸಲ ಕೇಳುವ ಪ್ರಶ್ನೆ. ಹೊಟ್ಟೆಗೆ ಇನ್ಸುಲಿನ್ ಬೇಳೆಯ ಪ್ರೋಟೀನಿಗಿಂತ ಬೇರೆಯಲ್ಲ, ಜೀರ್ಣ ಮಾಡಿಬಿಡುತ್ತದೆ. ಉಳಿದರೂ ಕರುಳಿನ ಗೋಡೆ ದಾಟಲು ಅದು ದೊಡ್ಡದು. ಬೆಂಗಳೂರಿನ ಬಯೋಕಾನ್ ಐಎನ್-105 ಹೆಸರಿನ ಇನ್ಸುಲಿನ್ ಮಾತ್ರೆಯನ್ನು ರೋಗಿಗಳ ಮೇಲಿನ ದೊಡ್ಡ ಪ್ರಯೋಗದವರೆಗೂ ಒಯ್ದಿತ್ತು. 2011ರಲ್ಲಿ ಬಂದ ಫಲಿತಾಂಶ ಗುರಿ ಮುಟ್ಟಲಿಲ್ಲ. ಬಾಯಿಂದ ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಇನ್ಸುಲಿನ್ ಪುಡಿಯನ್ನು ಫೈಜರ್ 2006ರಲ್ಲಿ ತಂದು 2007ರಲ್ಲೇ ನಿಲ್ಲಿಸಿತು. ಇನ್ಸುಲಿನ್ ಅಲ್ಲದ, ಅದಕ್ಕಿಂತ ಚಿಕ್ಕದಾದ, ಶುಗರ್‌ಗೇ ಕೊಡುವ ಇನ್ನೊಂದು ಔಷಧಿ ಸೆಮಾಗ್ಲುಟೈಡ್ 2019ರಲ್ಲಿ ಮಾತ್ರೆಯಾಗಿ ಬಂದಿದೆ. ಅದರ ಲೆಕ್ಕ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಚುಚ್ಚುಮದ್ದು ವಾರಕ್ಕೆ 1 ಮಿಲಿಗ್ರಾಂ. ಮಾತ್ರೆ ದಿನಕ್ಕೆ 14, ಅಂದರೆ ವಾರಕ್ಕೆ 98 ಮಿಲಿಗ್ರಾಂ. ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಅದನ್ನೂ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಕಾಫಿಯೂ ಕುಡಿಯದೆ ಕೂರಬೇಕು. ಬೇಗ ಒಳ್ಳೆಯ ಇನ್ಸುಲಿನ್ ಮಾತ್ರೆ ಬರಲಿ ಅನ್ನುವುದು ನನ್ನ ಆಸೆಯೂ ಹೌದು. ಅಲ್ಲಿವರೆಗೆ "ಇನ್ಸುಲಿನ್ ಬದಲು ಈ ಪುಡಿ ತಗೊಳ್ಳಿ" ಅನ್ನುವವರನ್ನು ನಂಬಿ ಚುಚ್ಚುಮದ್ದು ಬಿಡಬೇಡಿ.

ಬೇರೆ ಪ್ರೋಟೀನ್ ಔಷಧಿಗಳಿಗೂ ಇದೇ ಪಾಠ

ಡಯಾಲಿಸಿಸ್ ಮಾಡಿಸಿಕೊಳ್ಳುವವರು ತಗೊಳ್ಳುವ ಎರಿಥ್ರೊಪೊಯೆಟಿನ್, ಸಂಧಿವಾತಕ್ಕೆ ಕೊಡುವ ಅಡಾಲಿಮುಮ್ಯಾಬ್, ಇವೆಲ್ಲ ಪ್ರೋಟೀನ್‌ಗಳೇ. ಫ್ರಿಜ್ ಬೇಕು, ಫ್ರೀಜರ್ ಬೇಡ, ಕುಲುಕುವುದು ಬೇಡ. ಮನೆಗೆ ತಂದುಕೊಂಡಿದ್ದರೆ ಅದೇ ಸ್ಟೀಲ್ ಡಬ್ಬಿಯಲ್ಲಿ ಇಡಿ.

ಹಾವಿನ ವಿಷಕ್ಕೆ ಕೊಡುವ ಔಷಧಿ ಕೂಡ ಪ್ರೋಟೀನ್, ಕುದುರೆಯ ರಕ್ತದಿಂದ ತೆಗೆದ ಆಂಟಿಬಾಡಿಗಳು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಒಣ ಪುಡಿಯಾಗಿ ಬರುತ್ತದೆ. ನೀರು ತೆಗೆದುಬಿಟ್ಟರೆ ಅಣುಗಳು ಅಲ್ಲಾಡಲು ಜಾಗವಿಲ್ಲ, ಫ್ರಿಜ್ ಸರಿಯಿಲ್ಲದ ಹಳ್ಳಿ ಆಸ್ಪತ್ರೆಯಲ್ಲೂ ಬಾಳುತ್ತದೆ. ಬೇಕಾದಾಗ ನೀರು ಬೆರೆಸುತ್ತಾರೆ. ಮನೆಯವರಿಗೆ ಹಾವು ಕಚ್ಚಿ ನೀವು ಎದೆ ಹೊಡೆದುಕೊಳ್ಳುತ್ತಾ ನಿಂತಾಗ, ನರ್ಸ್ ಬಾಟಲಿಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಿದ್ದರೆ "ಬೇಗ ಕುಲುಕಿ" ಅಂತ ಅವಸರ ಮಾಡಬೇಡಿ. ಕುಲುಕಿದರೆ ನೊರೆ ಬರುತ್ತದೆ, ನೊರೆಯಲ್ಲಿ ಔಷಧಿ ಕೆಡುತ್ತದೆ, ಸಿರಿಂಜ್‌ಗೂ ಪೂರ್ತಿ ಬರುವುದಿಲ್ಲ. ಪುಡಿ ಕರಗುವವರೆಗೆ ಅವರನ್ನು ಅವರ ಪಾಡಿಗೆ ಬಿಡಿ.